ಮೂರು ದಿನದ ಚಾರಣದಲ್ಲಿ ದಿನಕ್ಕೆ ಎಷ್ಟು ದೂರ?

ಒಂದು ದಿನದಲ್ಲಿ 18 ಕಿ.ಮೀ. ಆರಾಮಾಗಿ ನಡೆಯುತ್ತೇನೆ, ಮೂರು ದಿನದ ಚಾರಣದಲ್ಲೂ ದಿನಕ್ಕೆ ಅಷ್ಟೇ ಇಟ್ಟುಕೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ಮೊದಲ ಸಲಕ್ಕೆ 12 ಸಾಕು.

ದೂರಕ್ಕಿಂತ ಏರು ಎಷ್ಟಿದೆ ಅನ್ನುವುದನ್ನು ಮೊದಲು ನೋಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 12 ಕಿ.ಮೀ. ದಾರಿಯಲ್ಲಿ 900 ಮೀಟರ್ ಏರಿದ್ದರೆ ಸುಮಾರು 4 ಗಂಟೆ. ಆದರೆ ಇದು ಒಳ್ಳೆಯ ದಾರಿಯಲ್ಲಿ, ಎಲ್ಲೂ ಕೂರದೆ ನಡೆಯುವ ಗಟ್ಟಿಗರ ಲೆಕ್ಕ. ಬೆನ್ನಿಗೆ ಟೆಂಟು, ಊಟ, ನೀರು ಎಲ್ಲ ಇರುವಾಗ 6 ಗಂಟೆ ಹಿಡಿಯಿರಿ. ಕಡಿದಾದ ಇಳಿಜಾರಿನಲ್ಲೂ ವೇಗ ಬರುವುದಿಲ್ಲ, ಮಂಡಿಗೆ ಜಾಸ್ತಿ ಪೆಟ್ಟು ಬೀಳುವುದೇ ಅಲ್ಲಿ.

ಅಷ್ಟು ಚಂದದ ಬೆಟ್ಟದ ಸಾಲಿಗೆ ಹೋಗಿ, ಕತ್ತಲಾಗುವ ಮೊದಲು ತಲುಪಬೇಕೆಂದು ಸುಮ್ನೆ ಓಡುವುದು ನನಗಂತೂ ಬೇಸರದ ಸಂಗತಿ. ನೋಡಲಿಕ್ಕೆಂದೇ ಹೋಗುವುದು ಅಲ್ವಾ? ಮೇಲೆ ಹತ್ತಿದ ಮೇಲೆ ಅರ್ಧ ಗಂಟೆ ಕೂರುವಷ್ಟು ಸಮಯ ಇರಲಿ.

ಬ್ಯಾಗಿನ ತೂಕ ನಿಮ್ಮ ತೂಕದ ಐದನೇ ಒಂದು ಭಾಗ ದಾಟದಿರಲಿ. ಹೊರಡುವ ಮುಂಚೆ ಒಂದು ವಾರಾಂತ್ಯ ಅದೇ ಬ್ಯಾಗು, ಅದೇ ಶೂ ಹಾಕಿಕೊಂಡು ಎರಡು ದಿನ ಸತತವಾಗಿ ನಡೆಯಿರಿ. ಎರಡನೇ ದಿನ ಬೆಳಿಗ್ಗೆ ಕಾಲು ಹೇಗಿದೆ ಅನ್ನುವುದರ ಮೇಲೆ ದೂರ ಹೆಚ್ಚಿಸಬಹುದಾ ನೋಡಿ. ನಿಮ್ಮ ದಾರಿಯಲ್ಲಿ ದಿನಕ್ಕೆ ಎಷ್ಟು ಮೀಟರ್ ಏರು ಬರುತ್ತದೆ ತಿಳಿಸಿ, ಒಟ್ಟಿಗೆ ಲೆಕ್ಕ ಹಾಕೋಣ.