ಮುಕ್ತ ವಿಜ್ಞಾನದ ಮಾರ್ಗದರ್ಶನಕ್ಕೆ ಅರ್ಜಿ: ನಿಮ್ಮ ಯೋಜನೆ ಎಲ್ಲಿ?

ಮುಕ್ತ ವಿಜ್ಞಾನದ ಯೋಜನೆಗಳಿಗೆ ಮಾರ್ಗದರ್ಶನ ನೀಡುವ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವವರಿಂದ ಬರುವ ಪತ್ರಗಳಲ್ಲಿ ಅವೇ ಐದಾರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಎಲ್ಲಕ್ಕೂ ಇಲ್ಲೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಸಂಶೋಧನೆಯ ದತ್ತಾಂಶ, ವಿಧಾನ, ಬರಹಗಳನ್ನು ಎಲ್ಲರೂ ಬಳಸುವಂತೆ ತೆರೆದಿಡುವುದೇ ಮುಕ್ತ ವಿಜ್ಞಾನ; ಅದಕ್ಕಿಂತ ಹೆಚ್ಚು ನಾನಿಲ್ಲಿ ವಿವರಿಸುವುದಿಲ್ಲ. ಯುನೆಸ್ಕೊ 2021ರ ನವೆಂಬರ್‌ನಲ್ಲಿ ಅಂಗೀಕರಿಸಿದ ಮುಕ್ತ ವಿಜ್ಞಾನದ ಶಿಫಾರಸನ್ನು ಒಮ್ಮೆಯೂ ಓದದೆ ಅರ್ಜಿ ಬರೆಯಲು ಕೂರುವುದು ಸರಿಯಲ್ಲ.

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಳೆದ ದತ್ತಾಂಶ ನನ್ನ ಬಳಿ ಇದೆ. ಒಂದು ಮಾರ್ಗದರ್ಶನ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದೆ. ಅಂಕ, ಬಹುಮಾನ, ಪ್ರಕಟಿತ ಪ್ರಬಂಧ ಎಲ್ಲವನ್ನೂ ಬರೆದು, ಇಡೀ ರಾಜ್ಯದ ಅಂತರ್ಜಲ ಮಾಹಿತಿಯ ಜಾಲತಾಣ ಕಟ್ಟುತ್ತೇನೆಂದು ಹೇಳಿದ್ದೆ. ಆಯ್ಕೆಯಾಗಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಅರ್ಜಿಯಲ್ಲಿ ನೀವಿದ್ದೀರಿ, ಯೋಜನೆ ಇಲ್ಲ. ಇಂಥ ಕಾರ್ಯಕ್ರಮಗಳು ವಿದ್ಯಾರ್ಥಿವೇತನದ ಆಯ್ಕೆಯಂತೆ ನಡೆಯುತ್ತವೆ ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ, ಅದನ್ನು ಮೊದಲು ಬಿಡಬೇಕು. ಓಪನ್ ಲೈಫ್ ಸೈನ್ಸ್ ಬಳಗದವರು 2020ರಲ್ಲಿ ಆರಂಭಿಸಿದ, ಈಗ ಓಪನ್ ಸೀಡ್ಸ್ ಎಂಬ ಹೆಸರಿರುವ ಕಾರ್ಯಕ್ರಮವನ್ನೇ ನೋಡಿ. ಮೊಝಿಲ್ಲಾ ಸಂಸ್ಥೆಯ ಓಪನ್ ಲೀಡರ್ಸ್ ಎಂಬ ತರಬೇತಿಯ ಮಾದರಿಯಿಂದ ಬೆಳೆದ ಈ ಕಾರ್ಯಕ್ರಮ 16 ವಾರ ಪೂರ್ತಿಯಾಗಿ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಒಂದು ವಾರ ಮಾರ್ಗದರ್ಶಕರ ಜೊತೆ ಸುಮಾರು ಅರ್ಧ ಗಂಟೆಯ ಮಾತುಕತೆ, ಇನ್ನೊಂದು ವಾರ ಆ ಸುತ್ತಿನಲ್ಲಿ ಆಯ್ಕೆಯಾದ ಎಲ್ಲರೂ ಸೇರುವ ಸಭೆ. ಇಷ್ಟು ಕಡಿಮೆ ಸಮಯದಲ್ಲಿ ಮಾರ್ಗದರ್ಶಕರು ನಿಮ್ಮ ಕೆಲಸವನ್ನು ನಿಮ್ಮ ಪರವಾಗಿ ಮಾಡಿಕೊಡಲಾರರು. ಆದ್ದರಿಂದ ಅರ್ಜಿ ಓದುವವರು ಹುಡುಕುವುದು ಮೂರು ಸಂಗತಿಗಳನ್ನು: ಈ ಕೆಲಸ ಯಾರಿಗೆ ಬೇಕಾಗಿದೆ, 16 ವಾರಗಳಲ್ಲಿ ಅದರ ಯಾವ ಭಾಗ ಮುಗಿಯುತ್ತದೆ, ಅದನ್ನು ಮುಕ್ತವಾಗಿ ಮಾಡುವುದರಿಂದ ಬೇರೆಯವರು ಹೇಗೆ ಕೈಜೋಡಿಸಬಹುದು. ನಿಮ್ಮ ಅಂಕಪಟ್ಟಿ ಈ ಮೂರರಲ್ಲಿ ಒಂದಕ್ಕೂ ಉತ್ತರವಾಗುವುದಿಲ್ಲ.

ಇಡೀ ರಾಜ್ಯದ ಜಾಲತಾಣ ಎಂಬ ಮಾತನ್ನು ಓದಿದ ಕೂಡಲೇ ಅನುಭವಿ ಮಾರ್ಗದರ್ಶಕರಿಗೆ ಇದು ನಾಲ್ಕು ತಿಂಗಳಲ್ಲಿ ಆಗದ ಕೆಲಸ ಎಂದು ಗೊತ್ತಾಗುತ್ತದೆ. ಅದರ ಬದಲು ಹೀಗೆ ಬರೆಯಬಹುದಿತ್ತು: ‘ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ದತ್ತಾಂಶವನ್ನು, ಬೇರೆ ತಾಲ್ಲೂಕಿನ ಶಿಕ್ಷಕರೋ ವಿದ್ಯಾರ್ಥಿಗಳೋ ತಮ್ಮ ಊರಿನ ದತ್ತಾಂಶದ ಜೊತೆ ಹೋಲಿಸಿ ನೋಡುವಂತೆ ಸಿದ್ಧಪಡಿಸಿ, ಅಳತೆಯ ವಿಧಾನವನ್ನು ಕನ್ನಡದಲ್ಲಿ ಬರೆದು, ಎರಡನ್ನೂ ಮರುಬಳಕೆಗೆ ಬಿಡುಗಡೆ ಮಾಡುವುದು.’ ಇದು ಚಿಕ್ಕದಾಗಿ ಕಾಣುತ್ತದೆ, ಆದರೆ ಇದರೊಳಗಿರುವ ಕೆಲಸ ಚಿಕ್ಕದಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈ ಎರಡು ಮಿತಿಗಳ ನಡುವಿನ ಅಂತರ ಬರೀ ಅರ್ಧ ಮಿಲಿಗ್ರಾಂ ಆಗಿರುವಾಗ, ಯಾವ ಉಪಕರಣದಿಂದ ಅಳೆದಿರಿ, ಮಾದರಿ ತೆಗೆದ ತಿಂಗಳು ಯಾವುದು, ಬಾವಿಯ ಆಳ ಎಷ್ಟು, ಖಾಲಿ ಬಿಟ್ಟ ಕೋಶ ಎಂದರೆ ಶೂನ್ಯವೋ ಅಥವಾ ಅಳೆದಿಲ್ಲ ಎಂದೋ, ಇವು ದಾಖಲಾಗದ ಪಟ್ಟಿಯನ್ನು ನಾಳೆ ಇನ್ನೊಬ್ಬರು ನಂಬಿ ಬಳಸುವುದು ಹೇಗೆ? ಪ್ರತಿಯೊಂದು ಅಂಕಣದ ಅರ್ಥವನ್ನೂ ಅಳತೆಯ ಮಾನವನ್ನೂ ತಿಳಿಸುವ ಒಂದು ಪುಟದ ವಿವರಣೆಯನ್ನು ಸಿದ್ಧಪಡಿಸುವುದೇ ಮೊದಲ ನಾಲ್ಕು ವಾರಗಳ ಕೆಲಸ ಎಂದು ನೀವು ಬರೆದಿದ್ದರೆ, ಆ ಒಂದು ಸಾಲು ನಿಮ್ಮ ಎಲ್ಲ ಬಹುಮಾನಗಳಿಗಿಂತ ಹೆಚ್ಚು ತೂಗುತ್ತಿತ್ತು.

ಆಮೇಲೆ ಪರವಾನಗಿ, ಅಂದರೆ ನಿಮ್ಮ ಕೆಲಸವನ್ನು ಬೇರೆಯವರು ಹೇಗೆ ಬಳಸಬಹುದು ಎಂಬ ಲಿಖಿತ ಅನುಮತಿ. ‘ಎಲ್ಲರಿಗೂ ಉಚಿತ’ ಎಂದು ಬರೆದರೆ ಸಾಲದು. ಪರವಾನಗಿ ಹೇಳದ ಕಡತವನ್ನು ಎಚ್ಚರವುಳ್ಳ ಯಾವ ಸಂಶೋಧಕರೂ ಬಳಸಲು ಧೈರ್ಯ ಮಾಡುವುದಿಲ್ಲ. ದತ್ತಾಂಶಕ್ಕೂ ಬರಹಕ್ಕೂ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ, ಮೂಲ ಕರ್ತೃವಿನ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎನ್ನುವ ಸಿಸಿ ಬೈ 4.0 ಹೊಂದುತ್ತದೆ. ಪ್ರೋಗ್ರಾಂ ಬರೆದಿದ್ದರೆ ಅದಕ್ಕೆ ಎಂಐಟಿ ಅಥವಾ ಜಿಪಿಎಲ್‌ನಂತಹ ತಂತ್ರಾಂಶದ ಪರವಾನಗಿ ಬೇಕು, ಏಕೆಂದರೆ ತಂತ್ರಾಂಶಕ್ಕೆ ತನ್ನ ಪರವಾನಗಿಗಳನ್ನು ಬಳಸಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಹೇಳುತ್ತದೆ. ‘ವಾಣಿಜ್ಯ ಬಳಕೆ ನಿಷಿದ್ಧ’ ಎಂಬ ಷರತ್ತನ್ನು ಹಾಕಿದರೆ ಕೆಲಸ ಭದ್ರವಾಯಿತು ಎಂದು ಹಲವರು ತಿಳಿದಿದ್ದಾರೆ. ಆ ಷರತ್ತು ಹಾಕಿದ ಬರಹವನ್ನೂ ಚಿತ್ರವನ್ನೂ ಕನ್ನಡ ವಿಕಿಪೀಡಿಯ ಸಹ ಸೇರಿಸಿಕೊಳ್ಳಲಾರದು ಎಂಬುದನ್ನು ಅವರು ಯೋಚಿಸಿರುವುದಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಹಿಂಜರಿಯುವವನು, ಅದನ್ನು ಮುಚ್ಚಿಡುವುದಿಲ್ಲ. ಕೊಳವೆಬಾವಿಗಳು ರೈತರವು. ಮಾಲೀಕರ ಹೆಸರು, ಸರ್ವೆ ನಂಬರು, ಜಿಪಿಎಸ್ ಗುರುತು ಮೂರನ್ನೂ ಸೇರಿಸಿ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂದು ಜಗತ್ತಿಗೆ ಪ್ರಕಟಿಸುವುದಕ್ಕೆ ಮುಕ್ತ ವಿಜ್ಞಾನ ಎನ್ನಲಾಗದು. ಹೆಸರನ್ನು ತೆಗೆದುಹಾಕಿ, ಸ್ಥಳವನ್ನು ಗ್ರಾಮದ ಮಟ್ಟಕ್ಕೆ ಇಳಿಸಿ, ಫಲಿತಾಂಶವನ್ನು ಮೊದಲು ಆ ಮನೆಯವರಿಗೆ ತಿಳಿಸಿ, ಒಪ್ಪಿಗೆ ಪಡೆದು, ಅನಂತರವೇ ಝೆನೋಡೋದಂತಹ ಆನ್‌ಲೈನ್ ದತ್ತಾಂಶ ಭಂಡಾರಕ್ಕೆ ಹಾಕಬೇಕು. ಯುರೋಪಿನ ಸೆರ್ನ್ ಸಂಸ್ಥೆ ನಡೆಸುವ ಆ ಭಂಡಾರದಲ್ಲಿ ಶುಲ್ಕವಿಲ್ಲದೆ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ, ಆದರೆ ಒಮ್ಮೆ ಪ್ರಕಟಿಸಿದ್ದನ್ನು ಮನಸ್ಸು ಬದಲಾದಾಗಲೆಲ್ಲ ಅಳಿಸಲು ಬರುವುದಿಲ್ಲ. ಈ ತೊಡಕು ನಿಮಗೆ ಗೊತ್ತಿದೆ, ಇದರಲ್ಲಿ ಸಲಹೆ ಬೇಕಾಗಿದೆ ಎಂದು ಅರ್ಜಿಯಲ್ಲಿ ನೇರವಾಗಿ ಬರೆಯಿರಿ. ಸಹಾಯ ಕೇಳಿದರೆ ದುರ್ಬಲರೆಂದು ತಿಳಿಯುತ್ತಾರೆ ಎಂಬ ಭಯ ನಮ್ಮವರಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ‘ನಿಮಗೆ ಏನು ನೆರವು ಬೇಕು’ ಎಂಬ ಜಾಗದಲ್ಲಿ ‘ತಮ್ಮ ಆಶೀರ್ವಾದ ಸಾಕು’ ಎಂಬ ಅರ್ಥದ ವಾಕ್ಯಗಳು ಬರುತ್ತವೆ. ಏನೂ ಬೇಡ ಎನ್ನುವವರಿಗೆ ಮಾರ್ಗದರ್ಶಕರನ್ನು ಏಕೆ ನೇಮಿಸಬೇಕು? ಕಡತಗಳನ್ನು ಹಂಚಿಕೊಂಡು ಒಟ್ಟಿಗೆ ಕೆಲಸ ಮಾಡುವ ಗಿಟ್‌ಹಬ್ ತಾಣ ಬಳಸಲು ಬರುವುದಿಲ್ಲ, ನೀರಿನ ರಸಾಯನಶಾಸ್ತ್ರ ಬಲ್ಲವರೊಬ್ಬರು ವಿಧಾನವನ್ನು ಪರಿಶೀಲಿಸಬೇಕು, ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ಬಗೆ ಗೊತ್ತಿಲ್ಲ ಎಂದು ಬಿಡಿಸಿ ಬರೆದವರಿಗೆ ತಕ್ಕ ಮಾರ್ಗದರ್ಶಕರನ್ನು ಜೋಡಿಸುವುದು ಸುಲಭ.

ಪ್ರಶ್ನೆ: ಯೋಜನೆಯನ್ನು ಮುಕ್ತವಾಗಿ ಬರೆದರೆ ಯಾರಾದರೂ ಕದಿಯುವುದಿಲ್ಲವೇ?

ಉತ್ತರ: ದಿನಾಂಕ ಸಹಿತ ಬಹಿರಂಗವಾಗಿ ದಾಖಲಾದ ಕೆಲಸವನ್ನು ಕದ್ದರೆ ಕಳ್ಳತನವನ್ನು ತೋರಿಸಿಕೊಡುವುದು ಸುಲಭ, ಕಪಾಟಿನಲ್ಲಿಟ್ಟ ನೋಟ್‌ಬುಕ್ಕಿಗೆ ಆ ರಕ್ಷಣೆಯಿಲ್ಲ. ಭೌತಶಾಸ್ತ್ರಜ್ಞರು 1991ರಿಂದ ಆರ್ಕೈವ್ (arXiv) ಎಂಬ ಆನ್‌ಲೈನ್ ಭಂಡಾರದಲ್ಲಿ ಪ್ರಕಟಣೆಗೆ ಮುಂಚಿನ ಪ್ರಬಂಧಗಳನ್ನು ಎಲ್ಲರೆದುರು ಇಡುತ್ತಿದ್ದಾರೆ, ಅವರ ಶಾಸ್ತ್ರ ನಿಂತುಹೋಗಿಲ್ಲ. ಆದರೆ ಪೇಟೆಂಟ್ ಪಡೆಯುವ ಉದ್ದೇಶವಿದ್ದರೆ ವಿಷಯ ಬೇರೆ. ಅರ್ಜಿ ಸಲ್ಲಿಸುವ ಮುಂಚೆಯೇ ಬಹಿರಂಗಪಡಿಸಿದರೆ ಹೊಸತನದ ಹಕ್ಕು ಸಾಮಾನ್ಯವಾಗಿ ಕೈತಪ್ಪುತ್ತದೆ. ಎರಡರಲ್ಲಿ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ.

ಪ್ರಶ್ನೆ: ಅರ್ಜಿ ಬರೆದುಕೊಟ್ಟು ಆಯ್ಕೆ ಖಾತ್ರಿ ಮಾಡಿಸುತ್ತೇವೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಓಪನ್ ಸೀಡ್ಸ್‌ನಲ್ಲಿ ಭಾಗವಹಿಸಲು ಶುಲ್ಕವೇ ಇಲ್ಲದಿರುವಾಗ, ಹೊರಗೆ ನಿಂತು ಬಾಗಿಲ ಸುಂಕ ಎತ್ತುವ ಇವರು ವಂಚಕರು. ಆಯ್ಕೆಯ ಖಾತ್ರಿ ಕೊಡುವ ಅಧಿಕಾರ ಇವರಲ್ಲಿ ಯಾರಿಗೂ ಇಲ್ಲ. ಇವರು ಬರೆದುಕೊಡುವ ಅರ್ಜಿಗಳಲ್ಲಿ ಊರಿನ ಹೆಸರು ಬದಲಾಗುತ್ತದೆ, ಉಳಿದ ವಾಕ್ಯಗಳು ಹಾಗೆಯೇ ಇರುತ್ತವೆ, ಓದುವವರಿಗೆ ಅದು ಮೊದಲ ಪುಟದಲ್ಲೇ ತಿಳಿಯುತ್ತದೆ. ಎಐ ಉಪಕರಣದಿಂದ ಇಡೀ ಅರ್ಜಿಯನ್ನು ಬರೆಸುವವರಿಗೂ ಇದೇ ಉತ್ತರ. ಇಂಗ್ಲಿಷ್ ತಿದ್ದಿಸಿಕೊಳ್ಳಿ, ಯೋಚನೆ ನಿಮ್ಮದಾಗಿರಲಿ.

ಪ್ರಶ್ನೆ: ಕೋಡಿಂಗ್ ಬಾರದವರು ಅರ್ಜಿ ಹಾಕಬಹುದೇ?

ಉತ್ತರ: ಹಾಕಬಹುದು.

ಪ್ರಶ್ನೆ: ಕೊನೆಯಲ್ಲಿ ಸಿಗುವ ಪ್ರಮಾಣಪತ್ರದಿಂದ ಕೆಲಸ ಸಿಗುತ್ತದೆಯೇ?

ಉತ್ತರ: ಅದಕ್ಕಾಗಿಯೇ ಬರುವುದಾದರೆ ದಯವಿಟ್ಟು ಬರಬೇಡಿ, ಆ ಜಾಗ ಬೇರೊಬ್ಬರಿಗೆ ಬೇಕಾಗಿರುತ್ತದೆ.

ಪ್ರಶ್ನೆ: ವಿಶ್ವವಿದ್ಯಾಲಯದ ನನ್ನ ಸಂಶೋಧನಾ ಗೈಡ್‌ಗೆ ತಿಳಿಸದೆ ಅರ್ಜಿ ಹಾಕಿದರೆ ತೊಂದರೆಯೇ?

ಉತ್ತರ: ದತ್ತಾಂಶವನ್ನು ವಿಭಾಗದ ಪ್ರಯೋಗಾಲಯದಲ್ಲಿ, ವಿಶ್ವವಿದ್ಯಾಲಯದ ಹಣದಲ್ಲಿ ಸಂಗ್ರಹಿಸಿದ್ದರೆ ತಿಳಿಸದೆ ಹಾಕಲೇಬಾರದು. ಮುಕ್ತ ಪರವಾನಗಿಯನ್ನು ಒಮ್ಮೆ ಕೊಟ್ಟರೆ, ಅದರಡಿಯಲ್ಲಿ ಈಗಾಗಲೇ ಪ್ರತಿ ತೆಗೆದುಕೊಂಡವರಿಂದ ಹಿಂಪಡೆಯಲಾಗದು. ಅದನ್ನು ಕೊಡುವ ಹಕ್ಕು ನಿಮ್ಮೊಬ್ಬರದೇ ಆಗಿರದೆ ಇರಬಹುದು. ಒಂದು ಪುಟದಲ್ಲಿ ಯೋಜನೆಯನ್ನು ಬರೆದು, ಯಾವ ಕಡತ ಯಾವ ಪರವಾನಗಿಯಲ್ಲಿ ಹೊರಬರುತ್ತದೆ, ಪ್ರಬಂಧ ಪ್ರಕಟವಾಗುವ ಮೊದಲೋ ಆಮೇಲೋ ಎಂಬುದನ್ನು ಸ್ಪಷ್ಟಪಡಿಸಿ, ಅವರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಸಾಲದು. ಅವರು ದತ್ತಾಂಶಕ್ಕೆ ಒಪ್ಪದಿದ್ದರೂ ಮಾದರಿ ಸಂಗ್ರಹದ ವಿಧಾನವನ್ನು ಕನ್ನಡದಲ್ಲಿ ನೀವೇ ಬರೆದು ಬಿಡುಗಡೆ ಮಾಡುವುದಕ್ಕೆ ಒಪ್ಪಿಗೆ ಕೇಳಿ ನೋಡಿ. ಬಹಳಷ್ಟು ಗೈಡ್‌ಗಳು ಅದಕ್ಕೆ ಅಡ್ಡಿ ಮಾಡುವುದಿಲ್ಲ, ಅರ್ಜಿಗೆ ಅಷ್ಟೇ ಸಾಕಾಗುವ ಯೋಜನೆ ಅದು.