ಸ್ಟೀರಿಯೊ ಸ್ಪೀಕರ್‌ಗಳ ಜೊತೆಗೆ ಸಬ್‌ವೂಫರ್ ಒಂದು ಸಾಕೇ, ಎರಡು ಬೇಕೇ?

ನಿಮ್ಮಲ್ಲಿರುವುದು ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಮತ್ತು ಒಂದು ಸ್ಟೀರಿಯೊ ಆಂಪ್ಲಿಫೈಯರ್. ಸಂಗೀತ ಕೇಳುವುದಕ್ಕೆಂದೇ ಸಬ್‌ವೂಫರ್ (ತೀರಾ ಕೆಳಗಿನ ಬೇಸ್ ಸ್ವರಗಳಿಗೆಂದೇ ಇರುವ ಸ್ಪೀಕರ್) ಸೇರಿಸಬೇಕೆಂದಿರುವ ನೀವು, ಒಂದು ಸಾಕೇ ಎರಡು ಬೇಕೇ ಎಂದು ಕೇಳಿದ್ದೀರಿ. ಕೊಠಡಿಯಲ್ಲಿ ಜಾಗವಿದ್ದರೆ, ದೊಡ್ಡದೊಂದನ್ನು ಕೊಳ್ಳುವ ಬದಲು ಅದೇ ಹಣದಲ್ಲಿ ಸಾಧಾರಣ ಗಾತ್ರದ ಎರಡನ್ನು ಕೊಳ್ಳಿ ಎಂಬುದು ನನ್ನ ಸಲಹೆ.

ಇದಕ್ಕೆ ಕಾರಣ ಶಬ್ದದ ಪ್ರಮಾಣವಲ್ಲ, ಕೊಠಡಿ. 40 ಹರ್ಟ್ಸ್ (ಸೆಕೆಂಡಿಗೆ 40 ಕಂಪನ) ಸ್ವರದ ಅಲೆ ಸುಮಾರು 8.6 ಮೀಟರ್ ಉದ್ದವಿರುತ್ತದೆ. ಇಷ್ಟು ಉದ್ದದ ಅಲೆಗಳು ಗೋಡೆಗಳಿಗೆ ಬಡಿದು ಹಿಂದಿರುಗಿ ಒಂದರೊಡನೊಂದು ಬೆರೆತಾಗ ಕೆಲವೆಡೆ ಉಬ್ಬುತ್ತವೆ, ಕೆಲವೆಡೆ ಪರಸ್ಪರ ಅಳಿಸಿಹೋಗುತ್ತವೆ. 5 ಮೀಟರ್ ಉದ್ದದ ಕೊಠಡಿಯಲ್ಲಿ ಉದ್ದಳತೆಯ ಮೊದಲ ಅನುರಣನ, ಅಂದರೆ ಅಲೆ ಗೋಡೆಗಳ ನಡುವೆ ಹೀಗೆ ಉಬ್ಬುವ ಆವರ್ತನ, 34 ಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ಹಿಂದೆ ನಾನು ಒಂದೇ ಸಬ್‌ವೂಫರನ್ನು ಮೂಲೆಯಲ್ಲಿಟ್ಟಿದ್ದಾಗ, ಡಬಲ್ ಬೇಸ್‌ನ ಒಂದು ಸ್ವರ ಇಡೀ ಕೊಠಡಿಯನ್ನು ತುಂಬಿಕೊಳ್ಳುತ್ತಿತ್ತು, ಅದರ ಪಕ್ಕದ ಸ್ವರ ಕೇಳಿಸುತ್ತಲೇ ಇರಲಿಲ್ಲ. ಎರಡನ್ನು ಎದುರುಬದುರು ಗೋಡೆಗಳ ನಡುಭಾಗದಲ್ಲಿ ಇಟ್ಟರೆ, ಆ ಮೊದಲ ಅನುರಣನವನ್ನು ಅವು ಒಂದಕ್ಕೊಂದು ವಿರುದ್ಧವಾಗಿ ಪ್ರಚೋದಿಸುವುದರಿಂದ ಅದು ಬಲಗೊಳ್ಳುವುದೇ ಇಲ್ಲ. ಆಡಿಯೊ ಉಪಕರಣ ತಯಾರಿಸುವ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನದಲ್ಲಿ ಈ ಜೋಡಣೆ ಉತ್ತಮವೆಂದು ಕಂಡುಬಂದಿತ್ತು.

ಸದ್ಯಕ್ಕೆ ಒಂದನ್ನೇ ಕೊಳ್ಳುವುದಾದರೆ, ಅದನ್ನು ನೀವು ಕುಳಿತು ಕೇಳುವ ಜಾಗದಲ್ಲಿಟ್ಟು, ಬೇಸ್ ಸ್ವರಗಳು ಏರಿಳಿಯುವ ಸಂಗೀತವನ್ನು ನುಡಿಸಿ, ಗೋಡೆಯುದ್ದಕ್ಕೂ ನೆಲಮಟ್ಟದಲ್ಲಿ ಕಿವಿಯಿಟ್ಟು ಕೇಳುತ್ತಾ ಹೋಗಿ. ಸ್ವರಗಳೆಲ್ಲ ಸಮವಾಗಿ ಕೇಳಿಸುವ ಸ್ಥಳವೇ ಅದರ ಸ್ಥಳ. ಈಕ್ವಲೈಸರ್ (ಬೇರೆಬೇರೆ ಆವರ್ತನಗಳ ಮಟ್ಟ ಹೊಂದಿಸುವ ಸಾಧನ) ಇದ್ದರೆ ಉಬ್ಬುಗಳನ್ನು ತಗ್ಗಿಸಬಹುದು. ಆದರೆ ಅಲೆಗಳು ಅಳಿಸಿಹೋದ ಜಾಗವನ್ನು ಎಷ್ಟು ಶಕ್ತಿ ಸುರಿದರೂ ತುಂಬಲಾಗದು.

ಕ್ರಾಸ್‌ಓವರ್, ಅಂದರೆ ಸ್ಪೀಕರ್‌ಗಳು ಮತ್ತು ಸಬ್‌ವೂಫರ್ ಸ್ವರಗಳನ್ನು ಹಂಚಿಕೊಳ್ಳುವ ಆವರ್ತನದ ಬಗ್ಗೆ ನೀವು ಕೇಳಿಲ್ಲವಾದರೂ, ಅದನ್ನು ಹೇಳದೆ ಈ ಉತ್ತರ ಪೂರ್ಣವಾಗುವುದಿಲ್ಲ. ಆಂಪ್ಲಿಫೈಯರ್‌ನಲ್ಲಿ ಹೈಪಾಸ್ (ಸ್ಪೀಕರ್‌ಗಳಿಗೆ ಕೆಳ ಸ್ವರಗಳು ಹೋಗದಂತೆ ತಡೆಯುವ) ಸೌಲಭ್ಯವಿದ್ದರೆ 80 ಹರ್ಟ್ಸ್‌ನಿಂದ ಆರಂಭಿಸಿ. ಅಷ್ಟೇ ಜೋರಾಗಿ ಕೇಳಿಸಬೇಕೆಂದರೆ, ಆವರ್ತನ ಅರ್ಧಕ್ಕಿಳಿದಾಗ ಸ್ಪೀಕರ್ ಕೋನ್ ನಾಲ್ಕು ಪಟ್ಟು ಹೆಚ್ಚು ಚಲಿಸಬೇಕಾಗುತ್ತದೆ. ಆ ಹೊರೆ ಇಳಿದರೆ ಚಿಕ್ಕ ಸ್ಪೀಕರ್‌ಗಳಲ್ಲಿ ಗಾಯಕರ ದನಿ ಎಷ್ಟು ಸ್ವಚ್ಛವಾಗುತ್ತದೆಂಬುದನ್ನು ಸ್ವತಃ ಕೇಳಿಯೇ ತಿಳಿಯಬೇಕು. ಹೈಪಾಸ್ ಇಲ್ಲದಿದ್ದರೆ, ಸ್ಪೀಕರ್‌ಗಳು ಸಹಜವಾಗಿ ಕ್ಷೀಣಿಸತೊಡಗುವ ಆವರ್ತನದ ಬಳಿ ಸಬ್‌ವೂಫರ್‌ನ ಲೋಪಾಸನ್ನು (ಅದಕ್ಕೆ ಮೇಲಿನ ಸ್ವರಗಳು ಹೋಗದಂತೆ ತಡೆಯುವ ಮಿತಿ) ನಿಲ್ಲಿಸಿ. ನಂತರ ಆ ಆವರ್ತನದ ಸ್ವರವನ್ನು ನುಡಿಸಿ, ಸಬ್‌ವೂಫರ್‌ನ ಫೇಸ್ ಗುಂಡಿಯನ್ನು (ಅದರ ಅಲೆಗಳನ್ನು ಸ್ಪೀಕರ್‌ಗಳ ಅಲೆಗಳೊಡನೆ ಹೊಂದಿಸುವ ಗುಂಡಿ) ಮತ್ತೊಬ್ಬರಿಂದ ನಿಧಾನವಾಗಿ ತಿರುಗಿಸಿ, ನೀವು ಕುಳಿತಲ್ಲಿ ಸ್ವರ ಅತ್ಯಂತ ಗಟ್ಟಿಯಾಗಿ ಕೇಳಿಸುವಲ್ಲಿ ಬಿಡಿ.

ಆಂಪ್ಲಿಫೈಯರ್‌ನಲ್ಲಿ ಸಬ್‌ವೂಫರ್ ಔಟ್‌ಪುಟ್ ಇಲ್ಲದಿದ್ದರೆ, ಸ್ಪೀಕರ್ ಟರ್ಮಿನಲ್‌ಗಳಿಂದಲೇ ಸಂಕೇತ ಪಡೆಯುವ ಹೈಲೆವೆಲ್ ಇನ್‌ಪುಟ್ ಉಳ್ಳ ಸಬ್‌ವೂಫರ್ ಆರಿಸಿಕೊಳ್ಳಿ. ಆಂಪ್ಲಿಫೈಯರ್ ಮೇಲೆ ಅದರ ಹೊರೆ ಬಹಳ ಕಡಿಮೆ. ಆದರೆ ಕ್ಲಾಸ್ ಡಿ (ಸ್ವಿಚಿಂಗ್ ವಿಧಾನದ) ಆಂಪ್ಲಿಫೈಯರ್‌ಗಳಲ್ಲಿ ನೆಗೆಟಿವ್ ಟರ್ಮಿನಲ್ ಎಷ್ಟೋ ಸಲ ಗ್ರೌಂಡ್ ಆಗಿರುವುದಿಲ್ಲ, ಹೀಗಾಗಿ ತಂತಿ ಜೋಡಿಸುವ ಮೊದಲು ಎರಡೂ ಉಪಕರಣಗಳ ಕೈಪಿಡಿಯನ್ನು ದಯವಿಟ್ಟು ಓದಿ.

ಸಬ್‌ವೂಫರ್‌ನ ಲೆವೆಲ್ (ಶಬ್ದದ ಮಟ್ಟ) ಹೊಂದಿಸುವುದು ಕೊನೆಯ ಕೆಲಸ. ಅದಕ್ಕೆ ನಾನು ಗಂಡಸೊಬ್ಬರ ಭಾಷಣದ ಧ್ವನಿಮುದ್ರಣವನ್ನು ಬಳಸುತ್ತೇನೆ. ಮಾತಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ಅಂಶ ತೀರಾ ಕಡಿಮೆಯಾದ್ದರಿಂದ, ಸಬ್‌ವೂಫರ್ ಹಾಕಿದಾಗ ದನಿ ಭಾರವಾಗಿ ಗುಂಯ್‌ಗುಟ್ಟಿದರೆ ಲೆವೆಲ್ ಅಥವಾ ಕ್ರಾಸ್‌ಓವರ್ ಹೆಚ್ಚಾಗಿದೆಯೆಂದೇ ಅರ್ಥ. ಆ ಭಾರ ಹೋಗುವವರೆಗೂ ಇಳಿಸಿ.