'ಅನ್ಯಾಯ'ಕ್ಕೆ ಫ್ಯಾಕ್ಟ್ ಚೆಕ್ ಮಾಡೋಕೆ ಆಗಲ್ಲ

ಪ್ರಶ್ನೆ: "ಒಂದು ಕಾಲಕ್ಕೆ ಕೊಡಗಿಗೆ 24 ಶಾಸಕರಿದ್ದರು, ಈಗ ಇಬ್ಬರೇ, ಇದು ಅನ್ಯಾಯ" ಅಂತ ವಿರಾಜಪೇಟೆಯ ಸಭೆಯಲ್ಲಿ ಕೇಳಿದೆ. ನಿಜವೋ ಸುಳ್ಳೋ, ಒಂದೇ ಮಾತಲ್ಲಿ ಹೇಳಿ.

ಉತ್ತರ: ಒಂದೇ ಮಾತಲ್ಲಿ ಹೇಳುವುದಿಲ್ಲ. ಪ್ರತಿ ಚುನಾವಣೆಗೂ ಇದೇ ಪ್ರಶ್ನೆ ಬರುತ್ತದೆ. ಕೇಳುವವರಿಗೆ ಬೇಕಾಗಿರುವುದು ಬರೀ ಒಂದು ಸೀಲು.

24 ನಿಜ. 1952ರಿಂದ 1956ರವರೆಗೆ ಇದ್ದ ಕೊಡಗು ವಿಧಾನಸಭೆಯ ಬಲ ಅಷ್ಟು. ಇಬ್ಬರೇ ಅನ್ನುವುದೂ ನಿಜ. 2008ರಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ ಮಡಿಕೇರಿ, ವಿರಾಜಪೇಟೆ ಉಳಿದವು. ಆದರೆ 24 ಶಾಸಕರಿದ್ದಾಗ ಕೊಡಗು ಬೇರೆಯೇ ರಾಜ್ಯ, ಈಗ ಕರ್ನಾಟಕದ ಒಂದು ಜಿಲ್ಲೆ. ಅದನ್ನು ಮುಚ್ಚಿಟ್ಟು ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಜನ ದಾರಿ ತಪ್ಪುತ್ತಾರೆ. ಇಷ್ಟು ಹೇಳುವುದು ಫ್ಯಾಕ್ಟ್ ಚೆಕ್ ಮಾಡುವವರ ಕೆಲಸ.

ಇನ್ನು ಅನ್ಯಾಯ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಒಬ್ಬ ಶಾಸಕರಿಗೆ ಸುಮಾರು 2.77 ಲಕ್ಷ ಜನ. ರಾಜ್ಯದ 224 ಕ್ಷೇತ್ರಗಳ ಸರಾಸರಿ 2.73 ಲಕ್ಷ. ತಲೆ ಎಣಿಸಿದರೆ ವ್ಯತ್ಯಾಸ ಜಾಸ್ತಿ ಇಲ್ಲ, ಅಲ್ವಾ? ಈಗ ನೆಲ ಅಳೆಯಿರಿ. ಜಿಲ್ಲೆ 4,102 ಚದರ ಕಿಲೋಮೀಟರ್. ಒಬ್ಬೊಬ್ಬರ ಪಾಲಿಗೆ 2,051. ರಾಜ್ಯದ ಸರಾಸರಿ 860 ಕೂಡ ಮುಟ್ಟುವುದಿಲ್ಲ. ಎರಡೂ ಲೆಕ್ಕ ಸರಿ. ಯಾವ ಲೆಕ್ಕ ದೊಡ್ಡದು ಅನ್ನುವಲ್ಲಿಂದ ಅಭಿಪ್ರಾಯ ಶುರು.

ನನಗೆ ನೆಲದ ಲೆಕ್ಕವೇ ದೊಡ್ಡದು. ಬೆಟ್ಟ, ಕಾಡು, ಮಳೆಗಾಲದಲ್ಲಿ ಮುಳುಗುವ ಭಾಗಮಂಡಲದ ರಸ್ತೆ ನೋಡಿದವನು ನಾನು. ಅದನ್ನು ನನ್ನ ಹೆಸರು ಹಾಕಿ ಬರೆಯುತ್ತೇನೆ. 'ಪರಿಶೀಲಿಸಲಾಗಿದೆ' ಅಂತ ಮೊಹರು ಒತ್ತಿ ಬರೆಯುವುದಿಲ್ಲ. ಹಾಗೆ ಒತ್ತುವ ಯೂಟ್ಯೂಬ್ ಪಂಡಿತರನ್ನು ಕಂಡರೆ ನನಗೆ ಸಿಟ್ಟು. ತಮಗೆ ಹಿಡಿಸದ ಮಾತಿಗೆ ಸುಮ್ನೆ 'ಅರ್ಧ ಸತ್ಯ' ಅಂದುಬಿಡುತ್ತಾರೆ. ಅರ್ಧ ಅಂತ ಯಾವ ಸೇರಿನಲ್ಲಿ ಅಳೆದರು? ಯಾವ ಮಾತು ಸರಿ, ಯಾವುದು ತಪ್ಪು ಅಂತ ಬಿಡಿಸಿ ಬರೆಯಲಿ.

ಪ್ರಶ್ನೆ: ಯಾವುದು ಸುಳ್ಳು ಅಂತ ಸರ್ಕಾರವೇ ಹೇಳಿದರೆ ಆಗದೇ?

ಉತ್ತರ: ಬೇಡವೇ ಬೇಡ. ಕೇಂದ್ರ ಸರ್ಕಾರದ ಫ್ಯಾಕ್ಟ್ ಚೆಕ್ ಘಟಕಕ್ಕಾಗಿ ಮಾಡಿದ್ದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರಲ್ಲೇ ರದ್ದು ಮಾಡಿದೆ.

ಪ್ರಶ್ನೆ: "ಆ ಪಕ್ಷ ಬಂದರೆ ಜಿಲ್ಲೆ ಹಾಳಾಗುತ್ತದೆ" ಅಂದದ್ದನ್ನು ಪರಿಶೀಲಿಸಿ.

ಉತ್ತರ: ಇನ್ನೂ ಆಗದೇ ಇರುವುದಕ್ಕೆ ದಾಖಲೆ ಎಲ್ಲಿಂದ ತರಲಿ?

ಪ್ರಶ್ನೆ: ಗುಡ್ಡ ಕುಸಿಯುವ ವಿಡಿಯೊ ಬಂದಿದೆ, ಶಾಸಕರು ತಿರುಗಿಯೂ ನೋಡಿಲ್ಲವಂತೆ. ಕಳಿಸಲಾ?

ಉತ್ತರ: ಯಾವ ದಿನದ್ದು, ಯಾವ ಊರಿನದ್ದು ಅಂತ ಗೊತ್ತಾಗುವ ತನಕ ಯಾರಿಗೂ ಕಳಿಸಬೇಡಿ. 2018ರ ಆಗಸ್ಟ್‌ನಲ್ಲಿ ಇಲ್ಲೇ ಗುಡ್ಡ ಕುಸಿದು ಮನೆ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ನೀವು ಕಳಿಸಿದ್ದು ಅವರ ಫೋನಿಗೂ ಹೋಗುತ್ತದೆ.